ಬೇಕೆಂದೇ ಮಾಡಿದ್ದೋ, ಕೈತಪ್ಪಿ ಆದದ್ದೋ?

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ರಾಮಗಿರಿ ಎಂಬುದೊಂದು ಹೋಬಳಿಯ ಊರು. ಕರಿಸಿದ್ದೇಶ್ವರ ಬೆಟ್ಟದ ಆಸುಪಾಸಿನ ಈ ಸೀಮೆಯಲ್ಲಿ ನೀರಿದ್ದ ಕಡೆ ಅಡಕೆ ತೆಂಗು, ನೀರಿಲ್ಲದ ಕಡೆ ರಾಗಿ ಜೋಳ. ರಾಗಿಯ ತೆನೆ ಹಾಲುಗಟ್ಟುವ ಕಾಲಕ್ಕೆ ಇಂಥ ಊರುಗಳ ಜಗಲಿಯ ಮೇಲೆ ವರ್ಷವರ್ಷವೂ ತಪ್ಪದೆ ಬಂದು ಕುಳಿತುಕೊಳ್ಳುವ ನ್ಯಾಯವೊಂದುಂಟು. ಒಬ್ಬನ ದನ ರಾತ್ರಿ ಮತ್ತೊಬ್ಬನ ಹೊಲಕ್ಕೆ ನುಗ್ಗಿ ಮೇಯ್ದಿರುತ್ತದೆ. ಬೆಳಗಾಗುತ್ತಲೂ ಹೊಲದವನು ದನದವನನ್ನು ಕರೆದುಕೊಂಡು ಹಿರಿಯರ ಮುಂದೆ ಬಂದು ನಿಲ್ಲುತ್ತಾನೆ.

“ನೋಡ್ರಿ ಗೌಡ್ರೆ, ಇವ್ನು ಬೇಕಂತ್ಲೇ ದನ ಬಿಟ್ಟಾನೆ.”

“ಇಲ್ಲ ಕಣಣ್ಣ, ನಾನ್ಯಾಕೆ ಬಿಡ್ಲಿ? ಹಗ್ಗ ಕಿತ್ಕಂಡು ಹೋಗೈತೆ.”

ಮೇಯ್ದುಹೋದ ರಾಗಿ ಎಷ್ಟು ಸಾಲು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ದನ ಯಾರದೆಂಬುದರಲ್ಲಿಯೂ ಇಲ್ಲ. ವಿವಾದವಿರುವುದು ಒಂದೇ ಒಂದು ಪದದಲ್ಲಿ: ‘ಬೇಕಂತ್ಲೇ’. ಹಗ್ಗ ಕಿತ್ತುಹೋದದ್ದು ನಿಜವೆಂದಾದರೆ ನಷ್ಟ ತುಂಬಿಕೊಡುವ ಮಾತಾಗಿ, ಮಜ್ಜಿಗೆ ಕುಡಿದು ಇಬ್ಬರೂ ಒಂದೇ ದಾರಿಯಲ್ಲಿ ಹಿಂದಿರುಗಬಹುದು. ಬೇಕೆಂದೇ ಬಿಟ್ಟನೆಂದು ತೀರ್ಮಾನವಾದರೆ ಮಾತ್ರ ಆ ರಾಗಿಯ ಬೆಲೆ ತೆತ್ತ ಮೇಲೆಯೂ ಹಗೆ ತೀರುವುದಿಲ್ಲ. ಮಕ್ಕಳ ಮದುವೆಯ ಹೊತ್ತಿಗೂ ಆ ಮಾತು ಮೇಲೇಳುತ್ತದೆ. ಒಂದು ಪದದ ಮೇಲೆ ಎರಡು ಮನೆಗಳ ಬಾಳುವೆ ನಿಂತಿರುವುದೆಂದರೆ ಆ ಪದವನ್ನು ತುಸು ಬಿಡಿಸಿ ನೋಡುವುದು ವ್ಯರ್ಥ ಕೆಲಸವಾಗಲಾರದು.

ಮನಸ್ಸಿನ ಮಾತೇ ಪದವಾದದ್ದು

‘ಬೇಕೆಂದೇ’ ಎಂಬುದು ನೋಡುವುದಕ್ಕೆ ಒಂದು ಪದ. ಬಿಡಿಸಿದರೆ ಮೂರು ತುಂಡು: ಬೇಕು, ಎಂದು, ಏ. ಇವುಗಳಲ್ಲಿ ‘ಬೇಕು’ ಹಳಗನ್ನಡದ ‘ಬೇೞ್’ ಎಂಬ ಧಾತುವಿನಿಂದ ಬಂದುದು. ಬೇೞ್ ಎಂದರೆ ಬಯಸು. ಅದಕ್ಕೆ ‘ಕುಂ’ ಪ್ರತ್ಯಯ ಸೇರಿ ‘ಬೇೞ್ಕುಂ’ ಎಂದಾಯಿತು. ಕಾಲಕ್ರಮದಲ್ಲಿ ಱ, ೞ ಎಂಬ ಹಳೆಯ ಅಕ್ಷರಗಳು ಬಳಕೆಯಿಂದ ಜಾರಿದಾಗ ‘ಬೇಕು’ ಉಳಿಯಿತು. ‘ಬೇಡು’ ಎಂಬ ಕ್ರಿಯಾಪದವೂ ಇದೇ ಬಳ್ಳಿಯ ಕುಡಿ. ಹೀಗಾಗಿ ‘ಬೇಕು’ ಎಂಬುದರ ಹೊಟ್ಟೆಯಲ್ಲಿರುವ ಮೊದಲ ಅರ್ಥ ಅವಶ್ಯಕತೆಯಲ್ಲ, ಬಯಕೆ. “ನನಗೆ ಕಾಫಿ ಬೇಕು” ಎಂಬಲ್ಲಿ ಆ ಹಳೆಯ ಬಯಕೆ ಇನ್ನೂ ಹಸಿಯಾಗಿಯೇ ಇದೆ. “ಕಚೇರಿಗೆ ಹೋಗಬೇಕು” ಎಂಬಲ್ಲಿ ಬಯಕೆ ಒಣಗಿ ಕರ್ತವ್ಯವಾಗಿದೆ.

ಇನ್ನು ‘ಎಂದು’. ಇದು ಒಬ್ಬರ ಮಾತನ್ನು ಹಾಗೆಯೇ ಎತ್ತಿ ಹೇಳುವಾಗ ಕನ್ನಡಿಗರು ಬಳಸುವ ಪದ. “ಬರುತ್ತೇನೆ ಎಂದು ಹೇಳಿದ” ಎನ್ನುವೆವಷ್ಟೆ. ಹಾಗಾದರೆ “ಬೇಕು ಎಂದು ಮಾಡಿದ” ಎಂದರೇನು? ಮಾಡುವ ಮೊದಲು ಅವನು ತನಗೆ ತಾನೇ ‘ಬೇಕು’ ಎಂದು ಹೇಳಿಕೊಂಡ ಎಂದರ್ಥ. ಕನ್ನಡದ ಪಾಲಿಗೆ ಉದ್ದೇಶವೆಂಬುದು ತತ್ತ್ವಶಾಸ್ತ್ರದ ಯಾವುದೋ ಸೂಕ್ಷ್ಮ ವಸ್ತುವಲ್ಲ. ಎದೆಯೊಳಗೆ ಆಡಿದ ಒಂದು ಮಾತು. ಕೈ ಮಾಡಿದ ಕೆಲಸವನ್ನು ಊರೆಲ್ಲ ನೋಡಿರುತ್ತದೆ. ಒಳಗೆ ಆಡಿದ ಆ ಒಂದು ಮಾತನ್ನು ಕೇಳಿದವನು ಮಾಡಿದವನೊಬ್ಬನೇ. ಕೊನೆಯಲ್ಲಿರುವ ‘ಏ’ಕಾರವಾದರೋ ಬೇರಾವ ಕಾರಣವೂ ಇರಲಿಲ್ಲವೆಂದು ಕದ ಮುಚ್ಚಿಬಿಡುತ್ತದೆ.

ಇದೇ ಕಾರಣದಿಂದ ಈ ಪದಕ್ಕೆ ಒಂದು ಕಹಿ ಅಂಟಿಕೊಂಡಿದೆ. “ಬೇಕೆಂದೇ ಅನ್ನ ಸೀಯಿಸಿದಳು”, “ಬೇಕೆಂದೇ ಪತ್ರಕ್ಕೆ ಉತ್ತರ ಬರೆಯಲಿಲ್ಲ” ಎಂಬ ಮಾತುಗಳು ಕಿವಿಗೆ ಸಹಜವಾಗಿ ಕೇಳುತ್ತವೆ. “ಬೇಕೆಂದೇ ಬಡವರಿಗೆ ಅನ್ನವಿಕ್ಕಿದ” ಎಂದು ನೋಡಿ! ಕೇಳಿದವರು ಹುಬ್ಬೇರಿಸಿ, ಇದರಲ್ಲಿ ಏನೋ ಒಳಸಂಚಿದೆಯೆಂದು ಶಂಕಿಸುತ್ತಾರೆ. ಒಳ್ಳೆಯದನ್ನು ಮಾಡಿದವನಿಗೆ ಮನಸಾರೆ, ಮನಃಪೂರ್ವಕ, ಇಷ್ಟಪಟ್ಟು ಎಂಬ ಬೇರೆ ಪದಗಳನ್ನು ಭಾಷೆ ಮೀಸಲಿಟ್ಟಿದೆ; ‘ಬೇಕೆಂದೇ’ ಎಂಬುದು ಬಹುಮಟ್ಟಿಗೆ ಆರೋಪಿಗಳ ಕಟಕಟೆಗೆ ಸೇರಿದ ಪದ.

ನೆರೆಯ ನುಡಿಗಳಲ್ಲಿ

ಈ ರಚನೆ ಕನ್ನಡದ ಒಂಟಿ ಸೊತ್ತಲ್ಲ. ತಮಿಳರು ‘ವೇಂಡುಮೆಂಡ್ರೇ’ ಎನ್ನುತ್ತಾರೆ. ವೇಂಡುಂ ಎಂದರೆ ಬೇಕು, ಎಂಡ್ರು ಎಂದರೆ ಎಂದು. ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಮನೆಮಾತಾಗಿ ಕೇಳಿಬರುವ ತೆಲುಗಿನಲ್ಲಿ ‘ಕಾವಾಲನಿ’. ಅದೂ ‘ಬೇಕು ಎಂದು’ ಎಂಬುದೇ. ಈ ಅಕ್ಕತಂಗಿಯರೆಲ್ಲ ಉದ್ದೇಶವನ್ನು ಬಯಕೆಯ ಬಾಗಿಲಿನಿಂದ ಒಳಹೊಕ್ಕು ನೋಡಿದ್ದಾರೆ. ಹಿಂದಿಯಲ್ಲಿಯಾದರೋ ‘ಜಾನ್ ಬೂಝ್ ಕರ್’ ಎನ್ನುತ್ತಾರೆ. ತಿಳಿದು, ಅರಿತು ಎಂದು ಅದರ ಅರ್ಥ. ಅಲ್ಲಿ ಬಯಕೆಯ ಸುಳಿವಿಲ್ಲ, ಇರುವುದು ತಿಳಿವು. ಒಂದು ನುಡಿ “ನಿನಗೆ ಬೇಕಾಗಿತ್ತೇ?” ಎಂದು ಕೇಳುತ್ತದೆ, ಇನ್ನೊಂದು “ನಿನಗೆ ಗೊತ್ತಿತ್ತೇ?” ಎಂದು ಕೇಳುತ್ತದೆ. ಇವೆರಡೂ ಒಂದೇ ಪ್ರಶ್ನೆಯಲ್ಲ. ಆ ಅಂತರದಲ್ಲಿ ಎಷ್ಟು ಜನರ ಅದೃಷ್ಟ ಅಡಗಿದೆಯೆಂಬುದನ್ನು ಮುಂದೆ ಕಾಣಬಹುದು.

ಮರಾಠಿಯ ‘ಮುದ್ದಾಮ್’ ಉತ್ತರ ಕರ್ನಾಟಕದ ಕನ್ನಡದಲ್ಲಿ ನೆಲೆನಿಂತಿದೆ. “ನಿಮ್ಮನ್ನ ನೋಡಾಕ ಮುದ್ದಾಮ ಬಂದೀನಿ” ಎಂದಾಗ ಅದರಲ್ಲಿ ಆರೋಪದ ಸೋಂಕಿಲ್ಲ. ಬೇರೆ ಕೆಲಸವಿಲ್ಲದೆ, ಇದಕ್ಕಾಗಿಯೇ ಬಂದೆನೆಂಬ ಪ್ರೀತಿ ಇದೆ. ಅದೇ ಪದ ಸರಕಾರಿ ಕಚೇರಿಯನ್ನು ಹೊಕ್ಕು ‘ಮುದ್ದಾಂ ಮೂಲಕ’ ಎಂದಾಗ, ಅಂಚೆಗೆ ಹಾಕದೆ ಆಳಿನ ಕೈಯಲ್ಲಿಯೇ ಕಳಿಸಿದ ಕಾಗದವೆಂದರ್ಥ. ಮಲೆಯಾಳದಲ್ಲಿಯಂತೂ ವಿನೋದವೇ ಉಂಟು. ಅಲ್ಲಿ ‘ಮನಃಪೂರ್ವಂ’ ಎಂದರೆ ಬೇಕೆಂದೇ ಮಾಡಿದ್ದು. ಎರಡು ಭಾಷೆಗಳ ನಡುವೆ ಬಾಳುವ ಕಾಸರಗೋಡಿನ ಕನ್ನಡಿಗನೊಬ್ಬ ಬೆಳಗ್ಗೆ ಕನ್ನಡದಲ್ಲಿ ‘ಮನಃಪೂರ್ವಕ’ ಅಭಿನಂದನೆ ಸಲ್ಲಿಸಿ, ಮಧ್ಯಾಹ್ನ ಮಲೆಯಾಳದಲ್ಲಿ ಅದೇ ಪದದ ಒಡಹುಟ್ಟಿನಿಂದ ಬೈಸಿಕೊಳ್ಳಬಹುದು. ಸಂಸ್ಕೃತದಿಂದ ಹೊರಟ ಒಂದೇ ಪದ ಸಹ್ಯಾದ್ರಿಯ ಒಂದು ಮಗ್ಗುಲಲ್ಲಿ ಹೂವಿನ ಹಾರವಾಗಿಯೂ ಇನ್ನೊಂದು ಮಗ್ಗುಲಲ್ಲಿ ದೂರಿನ ಅರ್ಜಿಯಾಗಿಯೂ ಪರಿಣಮಿಸಿದೆ.

ಕನ್ನಡ ಗ್ರಂಥಭಾಷೆಯಲ್ಲಿ ‘ಪೂರ್ವಕ’ದ ಒಂದು ಕುಟುಂಬವೇ ಇದೆ. ಪೂರ್ವಕ ಎಂದರೆ ಮುಂದೆ ನಡೆದದ್ದು. ಕೆಲಸಕ್ಕಿಂತ ಮುಂಚೆ ಏನು ನಡೆಯಿತೆಂಬುದನ್ನು ಅದು ಹೇಳುತ್ತದೆ. ಗುರಿ ಮುಂಚೆ ಇದ್ದರೆ ಉದ್ದೇಶಪೂರ್ವಕ. ಆಲೋಚನೆ ಮುಂಚೆ ನಡೆದಿದ್ದರೆ ಬುದ್ಧಿಪೂರ್ವಕ. ಮಾಡುತ್ತಿರುವುದರ ಎಚ್ಚರವಿದ್ದರೆ ಪ್ರಜ್ಞಾಪೂರ್ವಕ. ಬಲವಂತವಿಲ್ಲದಿದ್ದರೆ ಇಚ್ಛಾಪೂರ್ವಕ. ಕುತ್ತಿಗೆಗೆ ಕತ್ತಿ ಹಿಡಿದಾಗ ಬೀಗದ ಕೈ ಕೊಡುವ ಗುಮಾಸ್ತ ಅದನ್ನು ಪ್ರಜ್ಞಾಪೂರ್ವಕವಾಗಿಯೇ ಕೊಡುತ್ತಾನೆ, ಇಚ್ಛಾಪೂರ್ವಕವಾಗಿ ಅಲ್ಲ. ಪೊಲೀಸ್ ಠಾಣೆಯ ಕಾಗದಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬೊಂದು ಪದವಿದೆ. ಆ ಮೂರಕ್ಷರದ ‘ಸ್ವಇಚ್ಛಾ’ ನಿಜವೋ ಅಲ್ಲವೋ ಎಂಬುದರ ಮೇಲೆ ನ್ಯಾಯಾಲಯಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುವುದುಂಟು. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ, ಒಂದರ ಬದಲು ಇನ್ನೊಂದನ್ನು ಬರೆಯುವುದು ಬರಿಯ ಭಾಷೆಯ ತಪ್ಪಲ್ಲ, ಕೆಲವೊಮ್ಮೆ ಅನ್ಯಾಯ.

ಕ್ರಿಯಾಪದದ ಮರೆಯಲ್ಲಿ

‘ಬೇಕೆಂದೇ’ ಎಂದು ಬಾಯಿಬಿಟ್ಟು ಹೇಳದೆಯೂ ಕನ್ನಡ ಈ ಭೇದವನ್ನು ಸೂಚಿಸಬಲ್ಲುದು. ಮನೆಯಲ್ಲಿ ಒಂದು ಗಾಜಿನ ಲೋಟ ಒಡೆಯಿತೆನ್ನಿ. “ಲೋಟ ಒಡೆದುಹೋಯಿತು” ಎಂದು ಮಗ ಹೇಳುತ್ತಾನೆ; ಅಲ್ಲಿ ಒಡೆದವನೇ ಇಲ್ಲ, ಲೋಟ ತಾನಾಗಿಯೇ ಹೋಯಿತು. “ಲೋಟ ಬೀಳಿಸಿಕೊಂಡ” ಎಂದು ಅಜ್ಜಿ ಹೇಳುತ್ತಾಳೆ. ಆ ‘ಕೊಂಡ’ದಲ್ಲಿ ಮೊಮ್ಮಗನ ಅಜಾಗರೂಕತೆಯ ಜತೆಗೆ ಒಂದಿಷ್ಟು ಮರುಕವೂ ಇದೆ. “ಲೋಟ ಒಡೆದ” ಎಂದು ತಾಯಿ ವರದಿ ಮಾಡುತ್ತಾಳೆ. “ಒಡೆದುಹಾಕಿದ!” ಎಂದು ಅಕ್ಕ ಕೂಗುತ್ತಾಳೆ. ನೆಲದ ಮೇಲೆ ಬಿದ್ದಿರುವ ಚೂರುಗಳು ಅವೇ. ಹೋಗು, ಕೊಳ್ಳು, ಹಾಕು ಎಂಬ ಬಾಲಗಳು ಮಾತ್ರ ಬದಲಾದುವು. ಮಗನ ಬೆನ್ನಿಗೆ ಬೀಳುವ ಏಟು ಆ ಬಾಲದ ಮೇಲೆ ನಿಂತಿದೆ.

ಇಂದ್ರಿಯಗಳ ವಿಷಯದಲ್ಲಿಯೂ ಹೀಗೆಯೇ. ಕಂಡಿತು ಎಂದರೆ ಕಣ್ಣಿಗೆ ಬಿತ್ತು. ನೋಡಿದೆ ಎಂದರೆ ಕಣ್ಣನ್ನು ಅದರತ್ತ ಹಾಯಿಸಿದೆ. ಕೇಳಿಸಿತು ಎಂಬುದು ಕಿವಿಯ ಪಾಡು. ಕೇಳಿಸಿಕೊಂಡೆ ಎಂಬುದು ಮನುಷ್ಯನ ಕೆಲಸ. ಪಕ್ಕದ ಮನೆಯ ಜಗಳ ‘ಕೇಳಿಸಿತು’ ಎನ್ನುವವರು ಸಭ್ಯರು. ಕಿಟಕಿಯ ಬಳಿ ನಿಂತು ‘ಕೇಳಿಸಿಕೊಂಡವರು’ ಬೇರೆ. ಇನ್ನು ತಪ್ಪನ್ನು ದೇಹದ ಒಂದು ಅಂಗಕ್ಕೆ ಕಟ್ಟಿ ಮನಸ್ಸನ್ನು ಪಾರುಮಾಡುವ ಜಾಣ್ಮೆಯೂ ಈ ಭಾಷೆಗೆ ಉಂಟು. ಕೈತಪ್ಪಿ ಬಿತ್ತು, ಬಾಯಿತಪ್ಪಿ ಆಡಿದೆ, ಕಾಲುಜಾರಿ ಬಿದ್ದೆ. ತಪ್ಪಿದ್ದು ಕೈ, ಬಾಯಿ, ಯಜಮಾನ ನಿರಪರಾಧಿ. ಕಚೇರಿಯ ಕನ್ನಡದಲ್ಲಿ “ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ” ಎಂಬ ವಾಕ್ಯ ಎಷ್ಟು ಕಡತಗಳನ್ನು ಕಾಪಾಡಿದೆಯೋ ದೇವರೇ ಬಲ್ಲ!

ಆದರೆ ಜನರು ಇಷ್ಟಕ್ಕೆ ಮರುಳಾಗುವವರಲ್ಲ. ಈ ನೆಪಗಳಿಗೆ ಪ್ರತಿಯಾಗಿ ಜಾಣಕುರುಡು, ಜಾಣಕಿವುಡು, ಜಾಣಮರೆವು ಎಂಬ ಮೂರು ಪದಗಳನ್ನು ಅವರೇ ಕಟ್ಟಿದ್ದಾರೆ. ಕೇವಲ ಆಕಸ್ಮಿಕವಾದುದಕ್ಕೆ “ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು” ಎಂದು ಕಾಗೆಯನ್ನು ಬಿಟ್ಟುಬಿಡುತ್ತಾರೆ. ಗೊತ್ತಿದ್ದೂ ಎಡವಿದವನಿಗೆ “ಹಗಲು ಕಂಡ ಬಾವಿಗೆ ಇರುಳು ಬಿದ್ದ” ಎನ್ನುತ್ತಾರೆ. ಬೀಳಬೇಕೆಂಬ ಬಯಕೆ ಅವನಿಗಿರಲಿಲ್ಲ, ನಿಜ. ಆದರೆ ಬಾವಿ ಅಲ್ಲಿರುವುದು ಗೊತ್ತಿತ್ತು. ಬಯಕೆಯೂ ಅಲ್ಲದ, ಆಕಸ್ಮಿಕವೂ ಅಲ್ಲದ ಈ ನಡುವಣ ಜಾಗವನ್ನು ಒಂದು ಗಾದೆ ಎಷ್ಟು ಸೊಗಸಾಗಿ ಗುರುತಿಸಿದೆ!

ಹಿಟ್ಟಿನ ಕೋಳಿ ಕೂಗಿತು

ಕೆಲಸವೇ ನಡೆಯದೆ ಬರಿಯ ಉದ್ದೇಶವೊಂದೇ ಇದ್ದರೆ ಅದು ಪಾಪವೇ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದ ಮಹಾಕವಿ ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ್ದ ಅವನು ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು.

ಕಥೆ ಬಲ್ಲವರಿಗೆ ಬಲ್ಲದ್ದೇ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ಕುರೂಪಿಯಾದ ಮಾವುತನೊಬ್ಬನಿಗೆ ಮನಸೋಲುತ್ತಾಳೆ. ಅದನ್ನು ಕಣ್ಣಾರೆ ಕಂಡ ಅರಸ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳಿದಾಗ, ಕೆಟ್ಟ ಕನಸು ಕಂಡೆನೆಂದು ಮರೆಸುತ್ತಾನೆ. ಕನಸಿನ ದೋಷ ಕಳೆಯಲು ದೇವಿಗೆ ಬಲಿಕೊಡಬೇಕೆಂದು ತಾಯಿ. ಜೀವಹಿಂಸೆ ಕೂಡದೆಂದು ಮಗ. ಕೊನೆಗೆ ನಡುವಣ ದಾರಿಯೊಂದು ಹೊಳೆಯುತ್ತದೆ: ಹಿಟ್ಟಿನಲ್ಲಿ ಕೋಳಿಯನ್ನು ಮಾಡಿ ಬಲಿಕೊಟ್ಟರಾಯಿತು! ಹಿಟ್ಟಿಗೆ ಜೀವವಿಲ್ಲ, ನೋವಿಲ್ಲ. ಆದರೆ ಕತ್ತಿ ಬಿದ್ದ ಕ್ಷಣದಲ್ಲಿ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿಮಕ್ಕಳು ರಾಣಿಯಿಕ್ಕಿದ ವಿಷಕ್ಕೆ ಬಲಿಯಾಗಿ, ನವಿಲು ನಾಯಿಗಳಾಗಿ ಮೊದಲುಗೊಂಡು ಜನ್ಮಜನ್ಮಗಳಲ್ಲಿ ತೊಳಲುತ್ತಾರೆ. ಸತ್ತದ್ದು ಹಿಟ್ಟು; ಆದರೆ ಕತ್ತಿಯೆತ್ತಿದವನ ಮನಸ್ಸಿನಲ್ಲಿ ಸತ್ತದ್ದು ಕೋಳಿ. ಇದನ್ನು ಜೈನಧರ್ಮ ‘ಸಂಕಲ್ಪಹಿಂಸೆ’ ಎಂದು ಕರೆಯುತ್ತದೆ. ಉಳುವಾಗ, ಅಡಿಗೆ ಮಾಡುವಾಗ, ವ್ಯಾಪಾರ ಉದ್ಯೋಗಗಳಲ್ಲಿ, ಶತ್ರುವಿನಿಂದ ತನ್ನನ್ನು ಕಾಪಾಡಿಕೊಳ್ಳುವಾಗ ಆಗುವ ಹಿಂಸೆಯನ್ನು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪಿಸಲಾಗದೆಂದು ಒಪ್ಪಿಕೊಳ್ಳುವ ಆ ಧರ್ಮ, ಸಂಕಲ್ಪಪೂರ್ವಕವಾದ ಹಿಂಸೆಯನ್ನು ಮಾತ್ರ ಅವನೂ ಬಿಡಲೇಬೇಕೆನ್ನುತ್ತದೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ ಎಂಬ ನಾಟಕವಾಗಿಸಿದರು. ಏಳೂಮುಕ್ಕಾಲು ಶತಮಾನ ಕಳೆದರೂ ಆ ಕೋಳಿಯ ಕೂಗು ಅಡಗಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಸಂಕಲ್ಪ ಎಂಬ ಪದ ಮನೆಮನೆಗೂ ಪರಿಚಿತ. ಪೂಜೆಯ ಮೊದಲು ಪುರೋಹಿತರು ಅಕ್ಷತೆ ನೀರು ಹಿಡಿಸಿ, ದೇಶ ಕಾಲ ಗೋತ್ರ ನಾಮಗಳನ್ನು ಹೇಳಿಸಿ, ಇಂಥದನ್ನು ಮಾಡುತ್ತೇನೆಂದು ನುಡಿಸುತ್ತಾರಷ್ಟೆ. ಹಾಗೆ ನುಡಿಯದೆ ಮಾಡಿದ ಪೂಜೆಗೆ ಫಲವಿಲ್ಲವೆಂದು ನಂಬಿಕೆ. ಎಂದ ಮೇಲೆ ಸಂಕಲ್ಪವಿದ್ದು ಮಾಡಿದ ಕೆಡುಕಿಗೆ ಫಲವಿಲ್ಲದೆ ಇದ್ದೀತೆ? ಪುಣ್ಯಕ್ಕೆ ಒಂದು ಲೆಕ್ಕ, ಪಾಪಕ್ಕೆ ಒಂದು ಲೆಕ್ಕ ಎಂದಾಗುವುದಿಲ್ಲ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಬೀದಿಯಲ್ಲಿ ಒಡೆಯುವಾಗ ಈ ಮಾತನ್ನು ನೆನೆದವರು ಒಂದು ಕ್ಷಣ ಕೈ ತಡೆದಾರು.

ಯಕ್ಷನ ತಪ್ಪು

ರಾಮಗಿರಿ ಎಂಬ ಹೆಸರು ಕೇಳಿದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವುದು ಕಾಳಿದಾಸನ ‘ಮೇಘದೂತ’. ಅಲ್ಲಿಯ ರಾಮಗಿರಿ ಹೊಳಲ್ಕೆರೆಯ ಸೀಮೆಯದಲ್ಲ. ನಾಗಪುರದ ಬಳಿಯ ರಾಮಟೇಕ್ ಎಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಆದರೂ ಆ ಕಥೆ ಇಲ್ಲಿಗೆ ಒಪ್ಪುತ್ತದೆ. ಯಕ್ಷನಿಗೆ ಒಂದು ವರ್ಷದ ಅಗಲಿಕೆಯ ಶಿಕ್ಷೆ ಏಕಾಯಿತು? ಅವನು ಒಡೆಯನಾದ ಕುಬೇರನಿಗೆ ದ್ರೋಹ ಬಗೆಯಲಿಲ್ಲ, ಕದಿಯಲಿಲ್ಲ, ಕೊಲ್ಲಲಿಲ್ಲ. ತನ್ನ ಕರ್ತವ್ಯದಲ್ಲಿ ಮೈಮರೆತ, ಅಷ್ಟೆ. ಕವಿ ಮೊದಲ ಪದ್ಯದಲ್ಲಿಯೇ ಬಳಸಿದ ಪದ ‘ಪ್ರಮತ್ತ’. ಎಚ್ಚರ ತಪ್ಪಿದವನು ಎಂದರ್ಥ. ಬೇಕೆಂದೇ ಮಾಡದ ತಪ್ಪಿಗೂ ಶಿಕ್ಷೆಯುಂಟೆಂಬುದೇ ಆ ಕಾವ್ಯದ ಬಾಗಿಲು.

ಆಶ್ಚರ್ಯವೆಂದರೆ, ಜೈನರ ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾತಿ ಹಿಂಸೆಯನ್ನು ನಿರೂಪಿಸುವಾಗ ಬಳಸಿರುವುದೂ ಇದೇ ಪ್ರಮತ್ತ ಎಂಬ ಪದ. ಪ್ರಾಣ ಹೋದದ್ದೊಂದೇ ಹಿಂಸೆಯಲ್ಲ. ಎಚ್ಚರಗೆಟ್ಟ ನಡೆಯಿಂದ ಪ್ರಾಣ ಹೋದರೆ ಹಿಂಸೆ. ನೆಲ ನೋಡಿ ಮೆಲ್ಲನೆ ಅಡಿಯಿಡುವ ಮುನಿಯ ಕಾಲಿಗೆ ಹುಳುವೊಂದು ಸಿಕ್ಕಿದರೆ ಅವನಿಗೆ ಪಾಪವಿಲ್ಲ. ಎಲ್ಲೆಲ್ಲೋ ನೋಡುತ್ತ ನಡೆಯುವವನ ಕಾಲಿಗೆ ಏನೂ ಸಿಕ್ಕದಿದ್ದರೂ ಅವನು ನಿರ್ದೋಷಿಯಲ್ಲ. ರಾಮಾಯಣದ ದಶರಥನ ದುಃಖವೂ ಇದೇ. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನು. ಬಾಣ ಬಿಟ್ಟದ್ದು ಬೇಕೆಂದೇ. ಮುನಿಕುಮಾರನನ್ನು ಕೊಂದದ್ದು ಬೇಕೆಂದಲ್ಲ. ಶಾಪ ಮಾತ್ರ ತಪ್ಪಲಿಲ್ಲ.

ಧರ್ಮಶಾಸ್ತ್ರಕಾರರು ಇದನ್ನೆಲ್ಲ ಲೆಕ್ಕಕ್ಕೆ ತಂದವರೇ. ಬಯಸಿ ಮಾಡಿದ ಪಾಪಕ್ಕೂ ಬಯಸದೆ ಆದ ಪಾಪಕ್ಕೂ ಪ್ರಾಯಶ್ಚಿತ್ತ ಬೇರೆಯೆಂದು ಮನುಸ್ಮೃತಿ ಹೇಳಿದೆ. ಸುಮಾರು ೧೧೦೦ರ ಹೊತ್ತಿಗೆ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ವೂ ಪ್ರಾಯಶ್ಚಿತ್ತದ ಭಾಗದಲ್ಲಿ ಈ ಭೇದವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಕನ್ನಡನಾಡಿನ ನೆಲದಲ್ಲಿ ‘ಬೇಕೆಂದೇ ಮಾಡಿದೆಯಾ?’ ಎಂಬ ಪ್ರಶ್ನೆ ಒಂಬೈನೂರು ವರ್ಷಗಳಿಂದ ಶಾಸ್ತ್ರೋಕ್ತವಾಗಿಯೇ ಇದೆ.

ಕಾಯಿದೆಯ ಕಟ್ಟೆಯಲ್ಲಿ

೧೮೬೦ರ ಭಾರತ ದಂಡಸಂಹಿತೆಯನ್ನು ಬಿಡಿಸಿ ನೋಡಿದವರಿಗೆ ಜಗಲಿಯ ಮೇಲಿನ ಆ ದನ ಅಲ್ಲಿಯೂ ಎದುರಾಗುತ್ತದೆ! ಅದರ ೪೨೫ನೆಯ ಕಲಮು ಬೇರೊಬ್ಬರ ಸೊತ್ತಿಗೆ ಕೇಡುಮಾಡುವ ಅಪರಾಧವನ್ನು ಕುರಿತದ್ದು. ಅದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಇದು: ಒಬ್ಬನು ಬೆಳೆ ಹಾಳಾಗಲೆಂಬ ಉದ್ದೇಶದಿಂದ, ಹಾಳಾಗುವುದೆಂದು ತಿಳಿದೂ, ಇನ್ನೊಬ್ಬನ ಹೊಲಕ್ಕೆ ದನಗಳನ್ನು ನುಗ್ಗಿಸಿದರೆ ಅವನು ಈ ಅಪರಾಧ ಮಾಡಿದಂತೆ. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೨೪ನೆಯ ಕಲಮಿನಲ್ಲಿಯೂ ಅದೇ ಅಪರಾಧವಿದೆ.

ಕಾಯಿದೆಯ ಮಾತನ್ನು ಲಕ್ಷ್ಯವಿಟ್ಟು ನೋಡಬೇಕು. ಉದ್ದೇಶ ಅಥವಾ ತಿಳಿವು, ಎರಡರಲ್ಲಿ ಒಂದಿದ್ದರೂ ಅದಕ್ಕೆ ಸಾಕು. ಅಂದರೆ ಕನ್ನಡದ ‘ಬೇಕೆಂದೇ’ ಮತ್ತು ಹಿಂದಿಯ ‘ಜಾನ್ ಬೂಝ್ ಕರ್’ ಎರಡನ್ನೂ ಅದು ಹೆಗಲಿಗೆ ಹಾಕಿಕೊಂಡಿದೆ. “ಅವನ ರಾಗಿ ಹಾಳಾಗಲೆಂದು ನಾನು ಬಯಸಲಿಲ್ಲ, ನನ್ನ ದನಕ್ಕೆ ಮೇವು ಬೇಕಾಗಿತ್ತು, ಬಿಟ್ಟೆ” ಎಂದು ದನದವನು ವಾದಿಸಿದರೆ ನಡೆಯದು. ಬಯಸದಿದ್ದರೇನು, ಗೊತ್ತಿತ್ತಲ್ಲ!

ಪ್ರಾಣಹಾನಿಯ ಪ್ರಕರಣಗಳಲ್ಲಿ ಈ ಮೆಟ್ಟಿಲುಗಳು ಇನ್ನೂ ಸ್ಪಷ್ಟ. ೧೯೫೮ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಆರೋಪಿ ಹೊಟ್ಟೆಗೆ ಈಟಿಯಿಂದ ಒಂದೇ ಒಂದು ಸಲ ತಿವಿದಿದ್ದ. ಕೊಲ್ಲಬೇಕೆಂದಿರಲಿಲ್ಲ ಎಂಬ ವಾದ ಬಂದಾಗ ಸುಪ್ರೀಂ ಕೋರ್ಟು ಹೇಳಿದ್ದರ ಸಾರ ಇಷ್ಟು: ಸಾಯಲಿ ಎಂದು ಬಯಸಿದ್ದನೇ ಎಂಬುದಲ್ಲ ಪ್ರಶ್ನೆ, ಆ ಗಾಯವನ್ನು ಬೇಕೆಂದೇ ಮಾಡಿದನೇ, ಆ ಗಾಯ ಸಹಜಗತಿಯಲ್ಲಿ ಸಾವನ್ನು ತರುವಷ್ಟು ಇತ್ತೇ? ಎರಡಕ್ಕೂ ಹೌದೆಂದಾದರೆ ಅದು ಕೊಲೆಯೇ. ಇನ್ನೊಂದು ತುದಿಯಲ್ಲಿ ಅಜಾಗರೂಕತೆಯಿಂದ ಆದ ಸಾವು. ೧೮೬೦ರ ಸಂಹಿತೆಯಲ್ಲಿ ಇದಕ್ಕೆ ಮೊದಲು ಪ್ರತ್ಯೇಕ ಕಲಮೇ ಇರಲಿಲ್ಲ. ೧೮೭೦ರಲ್ಲಿ ‘೩೦೪ಎ’ ಎಂದು ಸೇರಿಸಿ ಎರಡು ವರ್ಷದವರೆಗೆ ಸೆರೆ ಎಂದರು. ಹೊಸ ಸಂಹಿತೆಯ ೧೦೬ನೆಯ ಕಲಮು ಅದನ್ನು ಐದು ವರ್ಷದವರೆಗೆ ಏರಿಸಿತು. ಕುಬೇರನ ತೀರ್ಪನ್ನು ಕಾಲ ತಳ್ಳಿಹಾಕಿಲ್ಲ. ಎಚ್ಚರ ತಪ್ಪುವುದೂ ತಪ್ಪೇ.

ಹಾಗೆಂದು ಬೇಕೆಂದೇ ಮಾಡಿದ್ದೆಲ್ಲ ಅಪರಾಧವಾಗುವುದಿಲ್ಲ. ಚಿತ್ರದುರ್ಗದ ಒನಕೆ ಓಬವ್ವ ಕೋಟೆಯ ಕಿಂಡಿಯ ಬಳಿ ನಿಂತು, ನುಸುಳಿ ಬಂದ ಹೈದರನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಕೆಡವಿದಳೆಂದು ಜನ ಹೇಳುವ ಕಥೆಯಲ್ಲಿ ಕೈತಪ್ಪಿದ್ದು ಒಂದೂ ಇಲ್ಲ. ಒಂದೊಂದು ಏಟೂ ಬೇಕೆಂದೇ ಹೊಡೆದದ್ದು. ಆದರೂ ದುರ್ಗದ ಜನ ಅವಳನ್ನು ಪೂಜ್ಯಳೆಂದು ನೆನೆಯುತ್ತಾರೆ. ರೋಗಿಯ ಹೊಟ್ಟೆಯನ್ನು ಕೊಯ್ಯುವ ವೈದ್ಯನೂ ಬೇಕೆಂದೇ ಕೊಯ್ಯುತ್ತಾನೆ. ‘ಬೇಕೆಂದೇ ಮಾಡಿದೆಯಾ?’ ಎಂಬುದು ಮೊದಲ ಪ್ರಶ್ನೆ, ‘ಏತಕ್ಕಾಗಿ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ತೀರ್ಪು ಕೊಡುವವರು ಅರ್ಧ ನ್ಯಾಯಾಧೀಶರು.

ಮನೆಯ ನ್ಯಾಯಾಲಯ

ಈ ಪ್ರಶ್ನೆ ದಿನಕ್ಕೆ ಹತ್ತು ಸಲ ವಿಚಾರಣೆಗೆ ಬರುವ ನ್ಯಾಯಾಲಯವೆಂದರೆ ಮನೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳಿಗೆ ಹೇಳಿದ ಎರಡು ಪುಟ್ಟ ಕಥೆಗಳಿವೆ. ಊಟಕ್ಕೆ ಕರೆದರೆಂದು ಬಂದ ಹುಡುಗನೊಬ್ಬ ಬಾಗಿಲು ತಳ್ಳಿದಾಗ, ಅದರ ಹಿಂದೆ ಇಟ್ಟಿದ್ದ ಹದಿನೈದು ಬಟ್ಟಲುಗಳು ಒಡೆದುವು. ತಾಯಿಯಿಲ್ಲದ ಹೊತ್ತಿನಲ್ಲಿ ಹಣ್ಣಿನ ಪಾಕವನ್ನು ಕದಿಯಲು ಕುರ್ಚಿ ಹತ್ತಿದ ಇನ್ನೊಬ್ಬನ ಕೈಯಿಂದ ಒಂದು ಬಟ್ಟಲು ಒಡೆಯಿತು. ಯಾರು ಹೆಚ್ಚು ತುಂಟರು? ಚಿಕ್ಕ ಮಕ್ಕಳಲ್ಲಿ ಬಹುಮಂದಿ ಹದಿನೈದು ಒಡೆದವನನ್ನೇ ತೋರಿಸಿದರು. ದೊಡ್ಡ ಮಕ್ಕಳು ಬಟ್ಟಲನ್ನು ಎಣಿಸದೆ ಮನಸ್ಸನ್ನು ಎಣಿಸಿದರು. ಕಥೆಯನ್ನು ಇನ್ನೂ ಸರಳಗೊಳಿಸಿ ಹೇಳಿದರೆ ಎಳೆಯರೂ ಉದ್ದೇಶವನ್ನು ಗುರುತಿಸಬಲ್ಲರೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಏಳು ವರ್ಷಕ್ಕಿಂತ ಚಿಕ್ಕ ಮಗು ಮಾಡಿದ ಯಾವುದೂ ಅಪರಾಧವಲ್ಲವೆಂದು ಹಳೆಯ, ಹೊಸ ಸಂಹಿತೆಗಳೆರಡೂ ಹೇಳುತ್ತವೆ. ಆದರೆ ಕೋಪ ಬಂದಾಗ ದೊಡ್ಡವರೂ ಹದಿನೈದು ಬಟ್ಟಲನ್ನೇ ಎಣಿಸುವುದಿಲ್ಲವೆ? ಬೆಲೆಬಾಳುವ ವಸ್ತು ಒಡೆದರೆ ‘ಬೇಕೆಂದೇ ಒಡೆದೆ’. ಹಳೆಯ ಮಡಕೆ ಒಡೆದರೆ ‘ಹೋಗಲಿ ಬಿಡು.’

ಇದು ಮನೆಯ ದೌರ್ಬಲ್ಯ ಮಾತ್ರವಲ್ಲ. ಅಮೆರಿಕದ ಜೋಶುವಾ ನೋಬ್ ಎಂಬ ತತ್ತ್ವಶಾಸ್ತ್ರಜ್ಞ ೨೦೦೩ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನ್ಯೂಯಾರ್ಕಿನ ಉದ್ಯಾನದಲ್ಲಿ ಸಿಕ್ಕವರಿಗೆ ಒಂದು ಕಥೆ ಹೇಳಿ ಉತ್ತರ ಪಡೆದುದನ್ನು ವರದಿಮಾಡಿದ್ದಾನೆ. ಕಂಪನಿಯ ಅಧ್ಯಕ್ಷನೊಬ್ಬ ಲಾಭಕ್ಕಾಗಿ ಹೊಸ ಯೋಜನೆ ಆರಂಭಿಸುತ್ತಾನೆ. ಅದರಿಂದ ಪರಿಸರಕ್ಕೆ ಹಾನಿಯಾಗುವುದೆಂದು ಅವನಿಗೆ ಹೇಳಿದಾಗ, ಅದರ ಚಿಂತೆ ತನಗಿಲ್ಲವೆನ್ನುತ್ತಾನೆ. ಹಾನಿಯಾಗುತ್ತದೆ. ಅವನು ಬೇಕೆಂದೇ ಹಾನಿ ಮಾಡಿದನೇ? ನೂರಕ್ಕೆ ೮೨ ಮಂದಿ ಹೌದೆಂದರು. ಬೇರೆಯವರಿಗೆ ಅದೇ ಕಥೆಯಲ್ಲಿ ‘ಹಾನಿ’ಯ ಬದಲು ‘ಒಳಿತು’ ಎಂದು ಹೇಳಲಾಯಿತು. ಅದೇ ಅಧ್ಯಕ್ಷ, ಅದೇ ಅಲಕ್ಷ್ಯ. ಬೇಕೆಂದೇ ಒಳಿತು ಮಾಡಿದನೇ? ಹೌದೆಂದವರು ನೂರಕ್ಕೆ ೨೩ ಮಾತ್ರ. ಉದ್ದೇಶವನ್ನು ಮೊದಲು ಅಳೆದು ಆಮೇಲೆ ದೋಷ ಹೊರಿಸುತ್ತೇವೆಂದು ಮನುಷ್ಯರು ಭಾವಿಸುತ್ತಾರೆ. ಎಷ್ಟೋ ವೇಳೆ ನಡೆಯುವುದು ತಿರುಗಾಮುರುಗಾ. ಕೇಡನ್ನು ಕಂಡಮೇಲೆ ಉದ್ದೇಶವನ್ನು ಊಹಿಸುತ್ತಾರೆ. ‘ಬೇಕೆಂದೇ’ ಎಂಬ ಪದಕ್ಕೆ ಕಹಿಯೇ ಅಂಟಿಕೊಂಡು, ಒಳಿತಿನ ಜತೆಗೆ ಅದು ಹೊಂದದೆ ಹೋದುದರ ಗುಟ್ಟು ಇದೇ ಇರಬೇಕು.

ಅತ್ತೆಸೊಸೆಯರ ನಡುವೆ, ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋದ ಮನೆಗಳಲ್ಲಿ ಕಾರಣವನ್ನು ಕೆದಕಿ ನೋಡಿದರೆ ತಳದಲ್ಲಿ ಸಿಕ್ಕುವುದು ಬಹಳ ಸಲ ಒಂದು ಸಣ್ಣ ಘಟನೆ: ಕೊಡದೆ ಬಿಟ್ಟ ಒಂದು ಲಗ್ನಪತ್ರಿಕೆ, ಎಲೆಗೆ ಬೀಳದ ಒಂದು ಹೋಳಿಗೆ. ಘಟನೆಯನ್ನು ಯಾರಾದರೂ ಮರೆತಾರು. ಅದಕ್ಕೆ ಅಂಟಿಸಿದ ‘ಬೇಕೆಂದೇ’ ಎಂಬ ಚೀಟಿ ಮಾತ್ರ ಹರಿಯುವುದಿಲ್ಲ. ಆ ಚೀಟಿಯನ್ನು ಅಂಟಿಸಿದವರು ಎದುರಿನವರ ಎದೆಯೊಳಗಿನ ಮಾತನ್ನು ನಿಜವಾಗಿ ಕೇಳಿದ್ದರೇ? ಇಲ್ಲ, ಊಹಿಸಿದ್ದರು. ಹಾಗೆಯೇ “ಬೇಕೆಂದು ಮಾಡಲಿಲ್ಲ” ಎಂಬ ಮಾತನ್ನು ಕೊಡೆಯಂತೆ ಹಿಡಿದು ಪ್ರತಿಸಲವೂ ತಪ್ಪಿಸಿಕೊಳ್ಳುವವರು ಹಗಲು ಕಂಡ ಬಾವಿಯ ಗಾದೆಯನ್ನು ನೆನೆಯಬೇಕು.

ಜಗಲಿಯ ಮೇಲೆ ಕುಳಿತ ಅನುಭವಸ್ಥರು ಇದನ್ನು ಬಲ್ಲರು. ಎದೆಯೊಳಗಿನ ಮಾತನ್ನು ಕೇಳುವ ಕಿವಿ ತಮಗಿಲ್ಲವೆಂದು ತಿಳಿದು, ಅವರು ಕಣ್ಣಿಗೆ ಕಾಣುವುದನ್ನು ತರಿಸುತ್ತಾರೆ. “ಹಗ್ಗ ತಗೊಂಬಾ, ನೋಡಾನ.” ಕಿತ್ತುಹೋದ ಹಗ್ಗದ ತುದಿ ಎಳೆಎಳೆಯಾಗಿ ಸಿಡಿದಿರುತ್ತದೆ, ಬಿಚ್ಚಿದ ಹಗ್ಗದ ತುದಿ ನೆಟ್ಟಗಿರುತ್ತದೆ. ಸಿಡಿದಿದ್ದರೂ ಅವರು ಅಲ್ಲಿಗೆ ಬಿಡುವುದಿಲ್ಲ. “ಈ ದನ ಇದಕ್ಕೂ ಮುಂಚೆ ಎಷ್ಟು ಸಲ ಹಗ್ಗ ಕಿತ್ತೈತೆ?” ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಮೊದಲ ಸಲವಾದರೆ ಅದು ಕೈತಪ್ಪು. ನಾಲ್ಕನೆಯ ಸಲವಾದರೆ, ತುಡುಗು ದನವೆಂದು ಗೊತ್ತಿದ್ದೂ ಹಳೆಯ ಹಗ್ಗದಲ್ಲಿ ಕಟ್ಟಿದವನಿಗೆ “ಬೇಕೆಂದು ಮಾಡಲಿಲ್ಲ” ಎನ್ನುವ ಹಕ್ಕು ಎಲ್ಲಿ ಉಳಿಯಿತು?

ನಷ್ಟಕ್ಕೆ ರಾಗಿ ಅಳೆದುಕೊಡಲು ಹೇಳಿ, ಹೊಸ ಹಗ್ಗ ತರಲು ಹೇಳಿ ಹಿರಿಯರು ಎದ್ದುಹೋಗುತ್ತಾರೆ. ರಾಗಿ ಆದದ್ದಕ್ಕೆ, ಹಗ್ಗ ಮುಂದಿನದಕ್ಕೆ.